ಕಾದಿರುವುದರ ಅರ್ಥ



ದೇವರನ್ನು ನಿರೀಕ್ಷಿಸಿಕೊಂಡಿರಬೇಕೆಂಬ ಉಪದೇಶವನ್ನು ಬೆಳಗಿನ ಆರಾಧನೆಯಲ್ಲಿ ನೀವು ಎಷ್ಟೋ ಸಾರಿ ಕೇಳಿರುವಿರಿ. ಆದರೆ ಕಾಯಿಲೆಯ ಮಗುವಿನ ಮಗ್ಗುಲಲ್ಲಿ ರಾತ್ರಿಯೆಲ್ಲ ಕುಳಿತ ತಾಯಿಗೆ ಅದು ಸುಲಭವಾದ ಮಾತಲ್ಲ. ಕಾದಿರುವುದೆಂದರೆ ಕೈಕಟ್ಟಿ ಸುಮ್ಮನಿರುವುದೇ?

ನಮ್ಮ ನುಡಿಯಲ್ಲಿ 'ಕಾಯು' ಎಂಬ ಪದಕ್ಕೆ ಎರಡು ಅರ್ಥಗಳುಂಟು. ಬರುವವರಿಗಾಗಿ ಕಾಯುತ್ತೇವೆ, ಬೆಳೆದ ಹೊಲವನ್ನೂ ಕಾಯುತ್ತೇವೆ. 130ನೆಯ ಕೀರ್ತನೆಯಲ್ಲಿ ಬರುವ ಕಾವಲುಗಾರನಲ್ಲಿ ಇವೆರಡೂ ಕೂಡಿವೆ. ಆತನು ಬೆಳಗಿಗಾಗಿ ಕಾಯುತ್ತಲೇ ಊರನ್ನು ಕಾಯುವನು. ಬೆಳಗನ್ನು ತರುವುದು ಆತನ ಕೈಯಲ್ಲಿಲ್ಲ. ಎಚ್ಚರವಾಗಿರುವುದು ಮಾತ್ರ ಆತನ ಪಾಲಿನ ಕೆಲಸ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವುಂಟು. ನಮ್ಮ ಹೊಸದುರ್ಗ ಸೀಮೆಯನ್ನು ಹಾದು ಹರಿಯುವ ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1898ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಅದು ಮೊದಲ ಬಾರಿಗೆ ತುಂಬಿ ಕೋಡಿ ಬಿದ್ದಿತು. ಮತ್ತೆ ತುಂಬಿದ್ದು 89 ವರ್ಷಗಳ ಮೇಲೆ, 2022ರಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ಹಿರಿಯರು ತುಂಬಿದ ಸಾಗರವನ್ನು ನೋಡದೆಯೇ ಕಣ್ಣು ಮುಚ್ಚಿದರು. ಹಾಗಾದರೆ ಅವರು ಕಾದದ್ದು ವ್ಯರ್ಥವಾಯಿತೇ? ಇಲ್ಲ. ತುಂಬದ ವರ್ಷಗಳಲ್ಲಿಯೂ ಇದ್ದಷ್ಟು ನೀರು ಹಿರಿಯೂರಿನ ಹೊಲತೋಟಗಳಿಗೆ ಹರಿಯಿತು. ಚಿತ್ರದುರ್ಗದ ಮನೆಗಳಿಗೆ ಕುಡಿಯಲು ಒದಗಿತು. ಕಟ್ಟೆಯನ್ನೂ ಕಾಲುವೆಯನ್ನೂ ಕಾಪಾಡಿಕೊಂಡು ಬಂದುದರಿಂದಲೇ ಮಹಾಮಳೆ ಬಂದಾಗ ನೀರು ನಿಂತಿತು. ಅಲ್ಲದೆ, 1933ರಲ್ಲಿ ಯಾರೂ ಎಣಿಸಿರದ ಭದ್ರೆಯ ನೀರೂ ಈಚಿನ ವರ್ಷಗಳಲ್ಲಿ ಅಲ್ಲಿಗೆ ಬಂದು ಸೇರಿದೆ.

ದೇವರಲ್ಲಿ ಕಾದಿರುವವರ ಬಾಳೂ ಹೀಗೆಯೇ. ಬೇಡಿದ್ದು ಪೂರ್ಣವಾಗಿ ದೊರೆಯುವ ಮುನ್ನವೇ ಆಯಾ ದಿನಕ್ಕೆ ಸಾಲುವಷ್ಟು ಕೃಪೆ ದೊರೆಯುವುದು. ಕೆಲವು ಉತ್ತರಗಳು ನಾವು ನೋಡದ ದಿಕ್ಕಿನಿಂದ ಬರುವುವು. ಕೆಲವನ್ನು ನಮ್ಮ ಮಕ್ಕಳು ಕಾಣುವರು. ಕೆಲವು ಪ್ರಾರ್ಥನೆಗಳಿಗೆ ನಾವು ಬಯಸಿದ ಉತ್ತರ ಬಾರದೆಯೂ ಇರಬಹುದು. ಆಗಲೂ ಆತನ ಕೈ ನಮ್ಮನ್ನು ಬಿಡದು.

ಆದುದರಿಂದ, ಪ್ರಿಯ ಸೋದರಿಯರೇ, ಉತ್ತರ ತಡವಾಯಿತೆಂದು ದಿನದ ಪ್ರಾರ್ಥನೆಯನ್ನೂ ಕೈಯಲ್ಲಿರುವ ಕರ್ತವ್ಯವನ್ನೂ ಬಿಡಬೇಡಿರಿ. ಕಟ್ಟೆ ಒಡೆದುಹೋದರೆ ಮಳೆ ಬಂದೂ ಫಲವಿಲ್ಲ. ನಾವು ಕರ್ತನಿಗಾಗಿ ಕಾಯುವಾಗ ಕರ್ತನು ನಮ್ಮನ್ನು ಕಾಯುತ್ತಿರುವನು. ಈ ಎರಡನ್ನೂ ನಮ್ಮ ನುಡಿ ಒಂದೇ ಮಾತಿನಲ್ಲಿ ಹೇಳುವುದು ನಮಗೆ ಸಮಾಧಾನಕರವಾಗಿರಲಿ.