ಬೈದು ಗೆಲ್ಲುವ ಕತ್ತಿವರಸೆ: ಒಂದು ಹಳೇ ಗೇಮ್ ಕಲಿಸಿದ ಪಾಠ

ನಾವು ನಾಲ್ಕು ಜನ. ಊರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ರಜೆಯಲ್ಲಿ ಕನ್ನಡದಲ್ಲೇ ಒಂದು ಗೇಮ್ ಮಾಡೋಣ ಅಂತ ಕೂತ್ವಿ. ಮಾದರಿಗೆ ತಗೊಂಡಿದ್ದು 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್'.

ಮೊದಲು ಸ್ವಲ್ಪ ಹಿನ್ನೆಲೆ. 1984ರ 'ಕಿಂಗ್ಸ್ ಕ್ವೆಸ್ಟ್'ನಂಥ ಆಟದಲ್ಲಿ ಆಜ್ಞೆಯನ್ನು ಟೈಪ್ ಮಾಡಬೇಕಿತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲದ ಪದ ಹಾಕಿದ್ರೆ ಕಥೆ ಅಲ್ಲೇ ನಿಲ್ತಿತ್ತು. 1987ರಲ್ಲಿ 'ಮೇನಿಯಾಕ್ ಮ್ಯಾನ್ಷನ್' ಆಟಕ್ಕಾಗಿ ರಾನ್ ಗಿಲ್ಬರ್ಟ್ ತಂಡ 'ಸ್ಕಮ್' ಅನ್ನೋ ವ್ಯವಸ್ಥೆ ಕಟ್ಟಿತು. ತೆರೆಯ ಕೆಳಗೆ ತೆರೆ, ಕೊಡು, ಎಳೆ ಅಂತ ಕ್ರಿಯಾಪದಗಳು. ಒಂದನ್ನು ಒತ್ತಿ, ಆಮೇಲೆ ವಸ್ತುವನ್ನು ಒತ್ತಿದರೆ ವಾಕ್ಯ ರೆಡಿ. ಮಂಕಿ ಐಲ್ಯಾಂಡ್ ಕೂಡ ಇದರ ಮೇಲೇ ನಿಂತಿದೆ.

ನಮಗೆ ಹಿಡಿಸಿದ್ದು ಅದರ ಕತ್ತಿವರಸೆ. ಅಲ್ಲಿ ಬೆರಳಿನ ವೇಗಕ್ಕೆ ಬೆಲೆ ಇಲ್ಲ. ಎದುರಾಳಿ ಒಂದು ಬೈಗುಳ ಎಸೀತಾನೆ, ಅದಕ್ಕೆ ತಕ್ಕ ಉತ್ತರ ಕೊಟ್ಟವರಿಗೆ ಗೆಲುವು. ಸೋತು ಸೋತೇ ಬೈಗುಳ, ಉತ್ತರ ಎರಡನ್ನೂ ಕಲೀಬೇಕು. ಆದ್ರೆ ಕೊನೆಗೆ ಬರುವ ಕತ್ತಿವರಸೆಯ ಗುರು ಹೊಸ ಬೈಗುಳಗಳನ್ನೇ ಹೇಳ್ತಾಳೆ! ಉತ್ತರಗಳು ಮಾತ್ರ ಹಳೆಯವೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಕೀ, ಒಂದೇ ವ್ಯಾಲ್ಯೂ. ಬಾಯಿಪಾಠ ಮಾಡಿದವರು ಇಲ್ಲಿ ಸೋಲ್ತಾರೆ, ಅರ್ಥ ಮಾಡ್ಕೊಂಡವರು ಗೆಲ್ತಾರೆ. ವೈವಾದಲ್ಲೂ ಆಗೋದು ಇದೇ ಅಲ್ವಾ?

ನಾವು ಇಂಗ್ಲಿಷಲ್ಲಿ ಬೈಗುಳ ಯೋಚಿಸಿ ಕನ್ನಡಕ್ಕೆ ತಂದ್ವಿ. ಬನಹಟ್ಟಿಯ ಗೆಳೆಯನ ಅಜ್ಜಿಗೆ ಓದಿ ತೋರಿಸಿದಾಗ ಅವರು ಕೇಳಿದ್ದು, "ಇದು ಜಗಳನೋ, ಅರ್ಜಿನೋ?" ನಮಗೆ ನಾಚಿಕೆಯಾಯ್ತು. ಮನೇಲಿ ಇದೇ ಭಾಷೆ ಆಡಿ ಬೆಳೆದವರು ನಾವು, ಬರೆಯೋಕೆ ಕೂತರೆ ಒಂದು ಜಗಳವೂ ಬರಲ್ಲ!

ಅಜ್ಜಿ ಹರದೇಶಿ-ನಾಗೇಶಿ ಹಾಡಿಕೆ ನೆನಪು ಮಾಡಿದರು. ನಮ್ಮ ಕಡೆ ಜಾತ್ರೆಗಳಲ್ಲಿ ನಡೆಯೋದು ಇದು. ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ಒಂದು ಮೇಳ ಹಾಡಲ್ಲೇ ಸವಾಲು ಹಾಕಿದರೆ ಇನ್ನೊಂದು ಹಾಡಲ್ಲೇ ಜವಾಬು ಕೊಡಬೇಕು. ಮಂಕಿ ಐಲ್ಯಾಂಡಿನ ಕತ್ತಿವರಸೆ ನಮ್ಮೂರಲ್ಲಿ ಮೊದಲಿಂದಲೂ ಇತ್ತು!

ಆಮೇಲೆ ನಮ್ಮ ಆಟದಲ್ಲಿ ಕಡಲ್ಗಳ್ಳರು ಹೋಗಿ ಇಬ್ಬರು ನೇಕಾರರು ಬಂದರು. ಒಂದು ಜೋಡಿ ನೋಡಿ:

ಬೈಗುಳ 1: "ನಮ್ಮ ಸೀರಿ ಬಿಟ್ಟು ನಿನ್ನ ಸೀರಿ ಯಾರೂ ಕೇಳಂಗಿಲ್ಲ!"
ಬೈಗುಳ 2: "ನಮ್ಮನಿ ರೊಟ್ಟಿ ತಿಂದವರು ಬ್ಯಾರೆ ಮನಿ ಕಡೆ ಹಣಿಕಿ ಹಾಕಂಗಿಲ್ಲ!"
ಎರಡಕ್ಕೂ ಉತ್ತರ: "ಅದಕ್ಕ ನಿನ್ನೆ ನಮ್ಮ ಬಾಗಲಕ್ಕ ಬಂದು ನಿಂತಿದ್ದೇನು?"

ಈ ಸಲ ಅಜ್ಜಿ ನಕ್ಕರು. ಇಂಥ ಜೋಡಿ ನಮ್ಮ ಹತ್ರ ಈಗ ಆರೇ ಇವೆ, ಹದಿನಾರು ಬೇಕು. ಕೋಡ್ ನಾವು ಬರೀತೀವಿ. ನೀವು ಊರಿಗೆ ಹೋದಾಗ ನಿಮ್ಮ ಅಜ್ಜಿ-ಅಜ್ಜನ ಹತ್ರ ಕೂತು ಒಂದು ಉತ್ತರ, ಎರಡು ಬೈಗುಳ ತಂದುಕೊಡಿ. ಒಂದೇ ಷರತ್ತು: ಇಂಗ್ಲಿಷಲ್ಲಿ ಯೋಚಿಸಬೇಡಿ.