ಜೂಲಿಯನ್ನನ ಕಂಚಿನ ನಾಣ್ಯದ ಗೂಳಿ: ಒಂದು ಸಂಕೇತದ ಓದು

ರೋಮನ್ ಚಕ್ರವರ್ತಿ ಜೂಲಿಯನ್ (ಆಳ್ವಿಕೆ: ಕ್ರಿ.ಶ. 361–363) ಹೊರಡಿಸಿದ ದೊಡ್ಡ ಕಂಚಿನ ನಾಣ್ಯದ ಹಿಂಬದಿಯಲ್ಲಿ ನಿಂತ ಗೂಳಿಯ ಚಿತ್ರವಿದೆ. ಅದರ ಮೇಲೆ ಎರಡು ನಕ್ಷತ್ರಗಳು. ಸುತ್ತ ‘ರಾಜ್ಯದ ಸುರಕ್ಷತೆ’ ಎಂಬರ್ಥದ ಲ್ಯಾಟಿನ್ ಬರಹ. ಮುಂಬದಿಯಲ್ಲಿ ಗಡ್ಡಧಾರಿಯಾದ ಚಕ್ರವರ್ತಿಯ ಮುಖ. ಕಾನ್‌ಸ್ಟಂಟೈನ್ ಹಾಗೂ ಅವನ ಮಕ್ಕಳ ನಾಣ್ಯಗಳಲ್ಲಿ ಗಡ್ಡವಿಲ್ಲದ ಮುಖಗಳಿಗೆ ಒಗ್ಗಿಹೋಗಿದ್ದ ಜನರಿಗೆ, ತತ್ತ್ವಜ್ಞಾನಿಯ ಗುರುತಾದ ಈ ಗಡ್ಡವೂ ಒಂದು ಘೋಷಣೆಯಾಗಿಯೇ ಕಂಡಿರಬೇಕು.

ಕ್ರೈಸ್ತಧರ್ಮವನ್ನು ತೊರೆದು ಪ್ರಾಚೀನ ದೇವತೆಗಳ ಆರಾಧನೆಯನ್ನು ಮರಳಿ ಸ್ಥಾಪಿಸಲು ಹೊರಟ ಜೂಲಿಯನ್, 362ರಲ್ಲಿ ಆಂಟಿಯೋಕ್ ನಗರಕ್ಕೆ ಬಂದನು. ಅವನು ನೀಡುತ್ತಿದ್ದ ಪಶುಬಲಿಗಳ ವಿಪರೀತ ಸಂಖ್ಯೆಯನ್ನು ಅವನ ಅಭಿಮಾನಿಯಾದ ಇತಿಹಾಸಕಾರ ಅಮ್ಮಿಯಾನಸ್ ಕೂಡ ಟೀಕಿಸಿದ್ದಾನೆ. ನಗರದ ಜನ ತನ್ನ ಗಡ್ಡವನ್ನೂ ನಾಣ್ಯದ ಮುದ್ರೆಯನ್ನೂ ಗೇಲಿ ಮಾಡುತ್ತಿದ್ದುದನ್ನು ಜೂಲಿಯನ್ನನೇ 363ರಲ್ಲಿ ಬರೆದ ‘ಗಡ್ಡದ್ವೇಷಿ’ ಎಂಬ ವಿಡಂಬನಕೃತಿಯಲ್ಲಿ ಹೇಳಿಕೊಳ್ಳುತ್ತಾನೆ.

ಐದನೆಯ ಶತಮಾನದ ಚರ್ಚ್ ಇತಿಹಾಸಕಾರ ಸಾಕ್ರಟೀಸ್ (ಗ್ರೀಕ್ ತತ್ತ್ವಜ್ಞಾನಿ ಸಾಕ್ರಟೀಸನಲ್ಲ), ಆ ನಾಣ್ಯದಲ್ಲಿ ಗೂಳಿಯ ಜೊತೆಗೆ ಬಲಿಪೀಠವೂ ಇತ್ತೆಂದು ಬರೆಯುತ್ತಾನೆ. ಆದರೆ ಇಂದು ಉಳಿದಿರುವ ಗೂಳಿಯ ನಾಣ್ಯಗಳಲ್ಲಿ ಬಲಿಪೀಠವಿಲ್ಲ. ಗೂಳಿಯ ಕೊರಳಿಗೆ ಬಲಿಪಶುವಿನ ಹಾರವಿಲ್ಲ, ಪಕ್ಕದಲ್ಲಿ ಪುರೋಹಿತನಿಲ್ಲ. ಆರ್ಲ್ ಟಂಕಸಾಲೆಯ ಮಾದರಿಯಲ್ಲಿ ಮಾತ್ರ ಗೂಳಿಯ ಮುಂದೆ ಹದ್ದೊಂದು ಸೇರಿಕೊಂಡಿದೆ. ಸಾಕ್ರಟೀಸನ ಬಲಿಪೀಠವು ಲೋಹದ ಮೇಲಿದ್ದುದಲ್ಲ. ಜೂಲಿಯನ್ನನ ಕುರಿತು ಉಳಿದುಬಂದ ರೋಷದ ನೆನಪಿನಲ್ಲಿದ್ದುದು ಎಂದು ಊಹಿಸಬಹುದು.

ಆಧುನಿಕ ವಿದ್ವಾಂಸರಲ್ಲಿಯೂ ಒಮ್ಮತವಿಲ್ಲ. ಈಜಿಪ್ಟಿನ ಆಪಿಸ್, ಮಿತ್ರದೇವತೆಯ ಗೂಳಿ, ರಾಶಿಚಕ್ರದ ವೃಷಭ ಎಂಬ ಸೂಚನೆಗಳೆಲ್ಲ ಬಂದಿವೆ. ಕನ್ನಡದಲ್ಲಿ ಈ ಚಿತ್ರವನ್ನು ಹೆಸರಿಸುವಾಗಲೇ ತೊಡಕು ಎದುರಾಗುತ್ತದೆ: ‘ವೃಷಭ’ ಎಂದೊಡನೆ ರಾಶಿಯ ಅರ್ಥ ಒಳನುಸುಳುತ್ತದೆ, ‘ಎತ್ತು’ ಎಂದರೆ ನೊಗ ನೆನಪಾಗುತ್ತದೆ, ‘ಬಲಿಪಶು’ ಎಂದರೆ ಆಂಟಿಯೋಕಿನವರ ಪಕ್ಷ ವಹಿಸಿದಂತಾಗುತ್ತದೆ. ಜೂಲಿಯನ್ನನಿಗಿಂತ ಬಹು ಹಿಂದೆ ದಿಯೋ ಕ್ರಿಸೊಸ್ತೊಮ್ ತನ್ನ ರಾಜಧರ್ಮದ ಭಾಷಣವೊಂದರಲ್ಲಿ, ಹಿಂಡನ್ನು ಕಾಯುವ ಗೂಳಿಗೆ ಅರಸನನ್ನು ಹೋಲಿಸಿದ್ದನು. ‘ರಾಜ್ಯದ ಸುರಕ್ಷತೆ’ ಎಂಬ ಬರಹಕ್ಕೆ ಈ ಹೋಲಿಕೆಯೇ ಹೆಚ್ಚು ಹತ್ತಿರವಾಗಿದೆ; ಆದರೆ ನಕ್ಷತ್ರಗಳನ್ನು ಅದು ವಿವರಿಸುವುದಿಲ್ಲ.