ಆಪ್ತವಾಕ್ಯ ವಿಚಾರ

ಜೀರ್ಣೋದ್ಧಾರಕ್ಕೆ ಕೈಹಾಕಿದೊಡನೆ ಹಳೆಯ ಮಾತುಗಳೂ ಹಳೆಯ ಕಾಗದಗಳೂ ಹೊರಬರುವುದು ಸಹಜ. ದೇವರ ಹೊಲ ಇಷ್ಟಿತ್ತು, ದಾನವಿತ್ತವರು ಇಂಥವರು ಎಂದು ಹಲವರು ಹೇಳುವರು. ಇವುಗಳಲ್ಲಿ ಯಾವುದನ್ನು ನಂಬತಕ್ಕದ್ದು?

ಗೌತಮರ ನ್ಯಾಯಸೂತ್ರಗಳು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ 4 ಪ್ರಮಾಣಗಳನ್ನು ಒಪ್ಪುತ್ತವೆ. ಶಬ್ದವೆಂದರೆ ಕಿವಿಗೆ ಬಿದ್ದ ಮಾತೆಲ್ಲವೂ ಅಲ್ಲ. ಆಪ್ತನ ಉಪದೇಶ ಮಾತ್ರ. ಇಲ್ಲಿ ಆಪ್ತನೆಂದರೆ ನೆಂಟನೆಂದಾಗಲಿ ಗೆಳೆಯನೆಂದಾಗಲಿ ತಿಳಿಯಲಾಗದು. ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನರ ಮತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವರು ಸೇರಿಸಿರುವುದು ನನಗೆ ಬಹಳ ಹಿಡಿಸಿದೆ. ಹೇಳುವವನ ಕುಲವನ್ನು ಕೇಳಬೇಕಾಗಿಲ್ಲ ಎಂದಾಯಿತು.

ಇನ್ನು ಕಾಗದದ ಪರೀಕ್ಷೆ. 1935ರಲ್ಲಿ ಬರೆದದ್ದೆಂಬ ದಾನಪತ್ರವೊಂದು ದೊರೆಯಿತೆಂದು ಭಾವಿಸೋಣ. ನಂದಾದೀಪದ ಎಣ್ಣೆಗೆ ವರ್ಷಕ್ಕೆ 5 ರೂಪಾಯಿ 25 ನಯೇ ಪೈಸೆ ಎಂದು ಅದರಲ್ಲಿದೆ. ಪತ್ರವು 1935ರದಲ್ಲ ಎಂಬುದು ಪ್ರತಿಜ್ಞೆ. ನಯೇ ಪೈಸೆಯ ಲೆಕ್ಕವಿರುವುದರಿಂದ ಎಂಬುದು ಹೇತು. ಅಂಥ ಲೆಕ್ಕವುಳ್ಳ ಬರಹವೆಲ್ಲ ಈಚಿನದು, 1960ರ ಅಂಗಡಿಯ ಚೀಟಿಯಂತೆ ಎಂಬುದು ಉದಾಹರಣೆ. ಈ ಪತ್ರವೂ ಅಂಥದೇ ಎಂಬುದು ಉಪನಯ. ಆದಕಾರಣ 1935ರದಲ್ಲ ಎಂಬುದು ನಿಗಮನ. ನಯೇ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. 1935ರಲ್ಲಿ ರೂಪಾಯಿಗೆ 16 ಆಣೆ. ಪತ್ರವನ್ನು ತಂದವರು ಎಷ್ಟೇ ಗೌರವಸ್ಥರಾಗಿರಲಿ, ಈ ಪಂಚಾವಯವ ಕದಲದು.

ಆದರೆ ಇದನ್ನು ತಿರುಗಿಸಿ ಹಿಡಿಯಬಾರದು. ಆಣೆಯ ಲೆಕ್ಕವಿದೆ, ಆದುದರಿಂದ ಪತ್ರ ನಿಜವೆಂದರೆ ತರ್ಕ ಮುರಿಯುವುದು. ಆಣೆ ಎಂದು ಇಂದು ಕುಳಿತೂ ಬರೆಯಬಹುದಷ್ಟೆ. ಕಾಗದ ಹಳದಿಯಾಗಿದೆ, ಆದುದರಿಂದ ಹಳೆಯದೆಂಬ ಮಾತೂ ಹಾಗೆಯೇ. ಚಹದ ನೀರಿನಲ್ಲಿ ಅದ್ದಿದ ಹೊಸ ಹಾಳೆಯೂ ಹಳದಿಯೇ! ಹೇತುವು ಹಳೆಯದರಲ್ಲಿಯೂ ಹೊಸದರಲ್ಲಿಯೂ ಇರುವುದರಿಂದ ಶಾಸ್ತ್ರವು ಇದನ್ನು ಸವ್ಯಭಿಚಾರವೆಂದು ಕರೆಯುತ್ತದೆ. ಹೇತ್ವಾಭಾಸಗಳು 5, ಊರಿನ ವ್ಯಾಜ್ಯಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ.

ಊರೆಲ್ಲ ಹೇಳುತ್ತದೆ ಎಂಬ ವಾದವೊಂದು ಉಳಿಯಿತು. ಹೊಲದ ಫೇರಫಾರ ನೋಂದಿನ ತಕರಾರು ಬಂದಾಗ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, "ನೀವು ಕಂಡಿರೋ, ಕೇಳಿದಿರೋ? ಕೇಳಿದ್ದಾದರೆ ಯಾರಿಂದ?" ಎಂದು ವಿಚಾರಿಸುವುದು ನನ್ನ ರೂಢಿ. 10 ಮಂದಿಯೂ ಒಬ್ಬನ ಹೆಸರನ್ನೇ ಹೇಳಿದರೆ ಸಾಕ್ಷಿ ಒಂದೇ ಎಂದು ಬರೆದುಕೊಳ್ಳುತ್ತೇನೆ. ಮೊಬೈಲಿನಲ್ಲಿ 10 ಕಡೆಯಿಂದ ಬಂದ ಒಂದೇ ಒಕ್ಕಣೆಯ ಸುದ್ದಿಗೂ ಇದೇ ಲೆಕ್ಕ.